ರವೆನ್ನಾದ ರೊಟ್ಟಿ

ಆದ್ಯಾ ಉಣ್ಣುವುದಿಲ್ಲ ಎಂಬ ಮಾತು ಸಿಡ್ನಿಯ ಟೂಂಗಾಬಿ ಬಡಾವಣೆಯ ಆ ಮನೆಯಲ್ಲಿ ಬಾಗಿಲಿನ ಕಿರುಗುಟ್ಟುವಿಕೆಯಷ್ಟು ರೂಢಿಯಾಗಿತ್ತು. ಆರು ವರ್ಷದ ಹುಡುಗಿ. ಶಾಲೆಯ ಅಂಗಿಯ ತೋಳಿನೊಳಗೆ ಅವಳ ಕೈ ಗಂಟೆಯ ನಾಲಗೆಯಂತೆ ಓಲಾಡುತ್ತಿತ್ತು. ತಟ್ಟೆಯ ಮುಂದೆ ಕೂರಿಸಿದರೆ ಅನ್ನವನ್ನು ಬೆರಳಿನಿಂದ ಅಂಚಿಗೆ ಸರಿಸಿ, ನಡುವೆ ಒಂದು ಖಾಲಿ ಮೈದಾನ ಮಾಡಿ, ಆ ಮೈದಾನವನ್ನು ತೋರಿಸಿ ತಿಂದಾಯಿತು ಎನ್ನುವಳು. ಅವಳ ಅಣ್ಣ ಅಭಿನವ, ಒಂಬತ್ತರ ಹುಡುಗ, ಕೊಟ್ಟದ್ದನ್ನೆಲ್ಲ ಮುಗಿಸಿ ಇನ್ನೇನಿದೆ ಎಂದು ಕೇಳುವವನಾದ್ದರಿಂದ ಪಕ್ಕದಲ್ಲಿದ್ದ ಅವಳ ತಟ್ಟೆ ಇನ್ನಷ್ಟು ತುಂಬಿದಂತೆ ಕಾಣುತ್ತಿತ್ತು.

ತೂಕ ಏರುತ್ತಿಲ್ಲವೆಂದು ಮಕ್ಕಳ ಡಾಕ್ಟರು ಎಚ್ಚರಿಸಿದ್ದರು. ತಾಯಿ ಶೈಲಶ್ರೀ ಬೆಳಿಗ್ಗೆ ಚಾಟ್ಸ್‌ವುಡ್‌ನ ಆಫೀಸಿಗೆ ರೈಲು ಹಿಡಿದರೆ ಮರಳುವುದು ದೀಪ ಹೊತ್ತಿದ ಮೇಲೆ. ತಂದೆ ಭಾಸ್ಕರ ಮೈಸೂರಿನವನು. ಹಿಂದಿನ ವರ್ಷ ಕಂಪನಿ ಅವನನ್ನು ಮೆಲ್ಬರ್ನಿಗೆ ವರ್ಗ ಮಾಡಿತ್ತು. ಬ್ರನ್ಸ್‌ವಿಕ್ ಎಂಬಲ್ಲಿ ಸಣ್ಣದೊಂದು ಫ್ಲ್ಯಾಟನ್ನು ರೆಂಟಿಗೆ ಹಿಡಿದು ವಾರ ಬಿಟ್ಟು ವಾರ ಸಿಡ್ನಿಗೆ ಬಂದು ಹೋಗುತ್ತಿದ್ದ. ಉಳಿದ ದಿನಗಳ ಸಂಜೆ ಫೋನಿನ ಪರದೆಯಲ್ಲಿ ಮೂಡಿ ಅವನು ಮೊದಲು ಕೇಳುತ್ತಿದ್ದುದು ಮಗಳು ಏನು ತಿಂದಳೆಂದು. ಆ ಪ್ರಶ್ನೆಯನ್ನು ಅವನು ಯಾರಿಗೂ ಗುರಿಯಿಟ್ಟು ಎಸೆಯುತ್ತಿರಲಿಲ್ಲ. ಆದರೂ ಅದು ಪ್ರತಿ ಸಂಜೆ ಹೋಗಿ ತಾಗುತ್ತಿದ್ದುದು ನೀಲಕ್ಕನಿಗೆ.

ನೀಲಕ್ಕ ಶೈಲಶ್ರೀಯ ತಾಯಿ. ಗಂಡ ಸಿದ್ದಣ್ಣನೊಂದಿಗೆ ಧಾರವಾಡದಿಂದ ಇಲ್ಲಿಗೆ ಬಂದು ನೆಲೆಸಿದ್ದೇ ಮೊಮ್ಮಕ್ಕಳ ಊಟ ತಿಂಡಿ ನೋಡಿಕೊಳ್ಳಲಿಕ್ಕೆ. ಅವಳು ಬಡಿದ ಜೋಳದ ರೊಟ್ಟಿಗೆ ಸಿಡ್ನಿಯಲ್ಲಿರುವ ಹುಬ್ಬಳ್ಳಿ, ಬೆಳಗಾವಿ ಕಡೆಯವರ ಮನೆಗಳಲ್ಲಿ ಹೆಸರಿತ್ತು. ದಿ ಪಾಂಡ್ಸ್ ಬಡಾವಣೆಯಲ್ಲಿ ಯಾರ ಗೃಹಪ್ರವೇಶವಾದರೂ ಕಾರು ಕಳಿಸಿ ಅವಳನ್ನು ಕರೆಸುತ್ತಿದ್ದರು. ಬೆಳಿಗ್ಗೆ ಮಿಂದು, ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯ ಮೇಲಿಟ್ಟುಕೊಂಡು ಪೂಜೆ ಮುಗಿಸಿ, ಮತ್ತೆ ಕಟ್ಟಿಕೊಂಡು, ಅದೇ ಅಂಗೈಯಿಂದ ಹಿಟ್ಟು ನಾದುವುದು ಅವಳ ದಿನದ ಆರಂಭ. ದೇವರು ಕೂರುವ ಕೈ ಬೇರೆ, ಅಡುಗೆಯ ಕೈ ಬೇರೆ ಎಂದು ಅವಳಿಗೆ ಎಂದೂ ಅನ್ನಿಸಿದ್ದಿಲ್ಲ. ಊರೆಲ್ಲ ಬೇಡಿ ತಿನ್ನುವ ಆ ಕೈಯ ತುತ್ತನ್ನು ಸ್ವಂತ ಮೊಮ್ಮಗಳು ಬಾಯಲ್ಲಿಟ್ಟುಕೊಂಡು, ನುಂಗಲಾರದೆ, ಕಣ್ಣಲ್ಲಿ ನೀರು ತಂದುಕೊಂಡು ಕೂರುವುದನ್ನು ನೋಡುವುದು ಅವಳಿಗೆ ದಿನನಿತ್ಯದ ಸೋಲಾಗಿತ್ತು.

ಸಿದ್ದಣ್ಣ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ತಾರುಣ್ಯದಲ್ಲಿ ಹೊಸ ಕಾವ್ಯ ಅವನ ತಲೆಗೇರಿದಾಗ, ತಂದೆ ಕಟ್ಟಿದ ಲಿಂಗವನ್ನು ಬಿಚ್ಚಿ ತಾಯಿಯ ಕೈಗೆ ಕೊಟ್ಟು, ಮತ್ತೆ ಕೇಳಿರಲಿಲ್ಲ. ಹೆಂಡತಿಯ ಪೂಜೆಯನ್ನು ಅವನು ಹಳಿಯಲೂ ಇಲ್ಲ, ಹತ್ತಿರ ಹೋಗಿ ನೋಡಲೂ ಇಲ್ಲ. ಒಂದೇ ಮನೆಯಲ್ಲಿ ಎರಡು ಬೇರೆ ಗಡಿಯಾರಗಳಂತೆ ಅವರಿಬ್ಬರು ಒಬ್ಬರ ಗಂಟೆಗೆ ಇನ್ನೊಬ್ಬರು ಅಡ್ಡಿಯಾಗದೆ ನಡೆದುಕೊಂಡು ಬಂದಿದ್ದರು.

ಜುಲೈ ತಿಂಗಳ ಶಾಲಾ ರಜೆಯಲ್ಲಿ ಶೈಲಶ್ರೀಗೆ ಇಟಲಿಯ ರವೆನ್ನಾ ನಗರದಲ್ಲಿ ಒಂದು ವಾರದ ಕೆಲಸ ಬಂತು. ಅಲ್ಲಿನ ಬಂದರಿನ ಕ್ರೇನುಗಳಿಗೆ ಅವಳ ಕಂಪನಿಯ ಸಾಫ್ಟ್‌ವೇರನ್ನು ಜೋಡಿಸಬೇಕಿತ್ತು. ಭಾಸ್ಕರನಿಗೆ ರಜೆ ಸಿಗಲಿಲ್ಲ. ಮಕ್ಕಳನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಎಲ್ಲರಿಗೂ ಟಿಕೆಟ್ ಬುಕ್ ಮಾಡಿದಳು. ಹಗಲೆಲ್ಲ ಅವಳು ಬಂದರಿನಲ್ಲಿ. ಊರು ಈ ಇಬ್ಬರು ಮುದುಕರದ್ದು, ಆ ಇಬ್ಬರು ಮಕ್ಕಳದ್ದು.

ಸಮತಟ್ಟಾದ ಊರು. ಬಿಸಿಲು ಕಲ್ಲುಹಾಸಿನ ಮೇಲೆ ಕಾದು ನಿಂತಿರುತ್ತಿತ್ತು. ತಲೆ ನರೆತ ಹೆಂಗಸರು ಸೈಕಲ್ಲಿನ ಬುಟ್ಟಿಯಲ್ಲಿ ತರಕಾರಿ ಹಾಕಿಕೊಂಡು ಗಂಟೆ ಬಾರಿಸದೆಯೇ ಪಕ್ಕದಲ್ಲಿ ಸರಿದುಹೋಗುತ್ತಿದ್ದರು. ಇಗರ್ಜಿಗಳು ಹೊರಗಿನಿಂದ ಹಳೆಯ ಉಗ್ರಾಣಗಳಂತೆ, ಬರೀ ಇಟ್ಟಿಗೆ. ಒಳಗೆ ಕಾಲಿಟ್ಟರೆ ಗೋಡೆಗೆ ಗೋಡೆಯೇ ಮಿನುಗುವ ಚೂರುಗಳಾಗಿ ಹರಡಿಕೊಂಡಿರುತ್ತಿತ್ತು. ಒಬ್ಬ ರಾಣಿಯ ಹೆಸರಿನ ಪುಟ್ಟ ಸಮಾಧಿಮನೆಯೊಳಗೆ ಅವರು ತಲೆಬಾಗಿಸಿ ಹೊಕ್ಕಾಗ, ಕಿಟಕಿಯಲ್ಲಿ ಗಾಜಿನ ಬದಲು ಕೂರಿಸಿದ ಜೇನುಬಣ್ಣದ ತೆಳುಕಲ್ಲಿನಿಂದ ಬೆಳಕು ಸೋಸಿ ಬರುತ್ತಿತ್ತು; ಮೇಲೆ ಕಡುನೀಲಿಯ ಕಮಾನಿನ ತುಂಬ ಚಿನ್ನದ ನಕ್ಷತ್ರ. ಆದ್ಯಾ ತಲೆಯೆತ್ತಿ, ಒಳಗೆ ಯಾರೋ ಮಲಗಿರುವರೆಂಬಂತೆ ಪಿಸುಗುಟ್ಟಿದಳು:

"ಅಜ್ಜ, ದೆ ಕೆಪ್ಟ್ ದ ನೈಟ್ ಇನ್ ಹಿಯರ್."

ಸಿದ್ದಣ್ಣ ತಾನೂ ತಲೆಯೆತ್ತಿ ನೋಡಿದ. ಆಮೇಲೆ ಇಬ್ಬರು ಮಕ್ಕಳನ್ನೂ ಗೋಡೆಯ ಬಳಿ ಕರೆದು, ಆ ಚೂರುಗಳನ್ನು ನುಣುಪಾಗಿ ಸಮನಾಗಿ ಒತ್ತಿಲ್ಲವೆಂಬುದನ್ನೂ, ಒಂದೊಂದನ್ನೂ ಬೇಕೆಂದೇ ತುಸು ಓರೆ ಮಾಡಿ ಕೂರಿಸಿರುವುದರಿಂದಲೇ ಬೆಳಕು ಹೀಗೆ ಅಲುಗುತ್ತದೆಂಬುದನ್ನೂ ವಿವರಿಸಿದ. ಬೀಳುವ ಚೂರುಗಳನ್ನು ಯಾರು ಆರಿಸುತ್ತಾರೆಂದು ಅಭಿನವ ಕೇಳಿದ. ಇನ್ನೊಂದು ಇಗರ್ಜಿಯಲ್ಲಿ ಉದ್ದನೆಯ ಗೋಡೆಯ ಮೇಲೆ ಬಿಳಿಯುಟ್ಟ ಕನ್ಯೆಯರ ಸಾಲೊಂದು ಕಿರೀಟಗಳನ್ನು ಹಿಡಿದು ನಡೆದಿತ್ತು. ನೀಲಕ್ಕ ಅವರನ್ನು ಒಬ್ಬೊಬ್ಬರಾಗಿ ದಿಟ್ಟಿಸಿ ನೋಡಿ, ಎಲ್ಲರೂ ಒಂದೇ ಥಾನಿನ ಸೀರೆ ಉಟ್ಟು ಆರತಿಗೆ ಹೊರಟಿದ್ದಾರೆ, ಹುಡುಗನ ಕಡೆಯವರೇ ಇರಬೇಕು, ಮುಖದಲ್ಲಿ ನಗುವಿಲ್ಲ ಎಂದಳು.

ಊಟದ ಹೊತ್ತಾದರೆ ಮಾತ್ರ ಊರು ಮುಚ್ಚಿಕೊಳ್ಳುತ್ತಿತ್ತು. ಮೊದಲ ದಿನ ಆದ್ಯಾ ಪಾಸ್ತಾದ ತಟ್ಟೆಯಲ್ಲಿ ತನ್ನ ಮೈದಾನ ಮಾಡಿದಳು. ಎರಡನೆಯ ದಿನ ಐಸ್‌ಕ್ರೀಮಿನ ತುದಿ ನೆಕ್ಕಿ ಉಳಿದದ್ದನ್ನು ಅಣ್ಣನಿಗೆ ಕೊಟ್ಟಳು. ನೀಲಕ್ಕ ಹೋಟೆಲುಗಳ ಒಳಗೆ ನೀರನ್ನೂ ಮುಟ್ಟದೆ, ಕೋಣೆಗೆ ಮರಳಿ ತಾನು ತಂದಿದ್ದ ಅವಲಕ್ಕಿ ತಿನ್ನುತ್ತಿದ್ದಳು. ಮೂರನೆಯ ದಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಪಟ್ಟೆಪಟ್ಟೆಯ ಮರದ ಗೂಡಂಗಡಿಯೊಂದರ ಎದುರು ಅವಳು ತಾನಾಗಿ ನಿಂತಳು. ಒಳಗೊಬ್ಬ ದಪ್ಪ ತೋಳಿನ ಹೆಂಗಸು ಹಿಟ್ಟಿನ ಉಂಡೆಯನ್ನು ಅಗಲಿಸಿ ದುಂಡು ಹಂಚಿನ ಮೇಲೆ ಹಾಕಿ, ಕಂದು ಚುಕ್ಕೆ ಏಳುತ್ತಲೇ ಬೆರಳಿನಿಂದ ತಿರುವಿ ಹಾಕುತ್ತಿದ್ದಳು.

"ರೀ, ನೋಡ್ರಿಲ್ಲೆ," ಎಂದಳು ನೀಲಕ್ಕ. "ಇದು ನಮ್ಮ ರೊಟ್ಟೀನ ಅಲ್ಲೇನು."

ಆ ನಾಡಿನವರು ಅದಕ್ಕೆ ಪಿಯದೀನಾ ಎನ್ನುತ್ತಾರೆ. ಅಂಗಡಿಯ ಹೆಂಗಸಿನ ಹೆಸರು ಲೊರೆದಾನಾ. ಸಿದ್ದಣ್ಣ ಅವಳನ್ನು ಕೈಸನ್ನೆಯಿಂದ, ಇಂಗ್ಲಿಷಿನಿಂದ, ಶೈಲಶ್ರೀ ಬರೆದುಕೊಟ್ಟ ಮೂರು ಇಟಾಲಿಯನ್ ಪದಗಳಿಂದ ವಿಚಾರಿಸಿದ: ಮಾಂಸ ಇದೆಯೇ, ಮೀನು ಇದೆಯೇ, ಮೊಟ್ಟೆ ಇದೆಯೇ. ಲೊರೆದಾನಾ ಪ್ರತಿಯೊಂದಕ್ಕೂ ತಲೆಯಾಡಿಸಿ ಇಲ್ಲವೆಂದಳು. ಒಳಗೆ ತುಂಬುವ ಬೇಯಿಸಿದ ಸೊಪ್ಪನ್ನು ತೋರಿಸಿದಳು, ಅಂಜೂರದ ಪಾಕ ತೋರಿಸಿದಳು, ಮೊಸರಿನಷ್ಟು ಮೆತ್ತನೆಯ ಬಿಳಿ ಚೀಸ್ ತೋರಿಸಿದಳು. ಹೀಗೆ ತುಂಬುವ ಪ್ರತಿಯೊಂದು ವಸ್ತುವನ್ನೂ ಅವರು ಕೇಳಿ ನೋಡಿ ಒಪ್ಪಿದರು. ರೊಟ್ಟಿಯನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ರೊಟ್ಟಿ ಎಂದರೆ ಹಿಟ್ಟು, ನೀರು, ಬೆಂಕಿ. ಜೋಳದ ಸೀಮೆಯಲ್ಲಿ ಹುಟ್ಟಿದವರಿಗೆ ಅದರೊಳಗೊಂದು ಪ್ರಾಣಿ ಅಡಗಿರಬಹುದೆಂಬುದು ಸಂಶಯಕ್ಕೆ ಕೂಡ ನಿಲುಕುವ ಸಂಗತಿಯಲ್ಲ.

ಆದ್ಯಾ ಒಂದು ತುಣುಕು ಮುರಿದು ಬಾಯಲ್ಲಿಟ್ಟಳು. ಇನ್ನೊಂದು ಮುರಿದಳು. ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಕುಳಿತು, ಕಾಲು ಅಲ್ಲಾಡಿಸುತ್ತ, ಯಾರ ಒತ್ತಾಯವೂ ಇಲ್ಲದೆ ಇಡೀ ರೊಟ್ಟಿಯನ್ನು ತಿಂದು ಬೆರಳು ನೆಕ್ಕಿ, ಇನ್ನೊಂದು ಬೇಕು ಎಂದಳು. ಸದ್ದು ಮಾಡಿದರೆ ಹಾರಿಹೋಗುವ ಹಕ್ಕಿಯನ್ನು ನೋಡುವಂತೆ ಉಳಿದ ಮೂವರೂ ಅವಳನ್ನು ನೋಡುತ್ತಿದ್ದರು. ನೀಲಕ್ಕ ಮುಖ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ತಾನೂ ಸೊಪ್ಪು ತುಂಬಿದ ಒಂದನ್ನು ತೆಗೆದುಕೊಂಡು, ನಿಂತಲ್ಲೇ, ಪರದೇಶದ ಬೀದಿಯಲ್ಲಿ ಮೊದಲ ಬಾರಿಗೆ ಹೊಟ್ಟೆತುಂಬ ಉಂಡಳು. ಮರುದಿನ ಬೆಳಿಗ್ಗೆ, ಮೆಲ್ಬರ್ನಿನ ಸಂಜೆಗೆ, ಫೋನಿನಲ್ಲಿ ಭಾಸ್ಕರ ಕೇಳುವ ಮೊದಲೇ ಅವಳು ಉತ್ತರ ಹೇಳಿದಳು.

ಅಲ್ಲಿಂದ ಮುಂದೆ ದಿನವೂ ಅದೇ ಬೀದಿ. ಬೆಳಿಗ್ಗೆ ಬಣ್ಣದ ಗೋಡೆಗಳು, ಮಧ್ಯಾಹ್ನ ಲೊರೆದಾನಾಳ ಹಂಚು. ಭಾಷೆಯಿಲ್ಲದ ಆ ಇಬ್ಬರು ಹೆಂಗಸರು ಹಿಟ್ಟಿನ ಹದವನ್ನು ಬೆರಳಿನಿಂದ ಒತ್ತಿ ತೋರಿಸಿ ಚರ್ಚಿಸುವಷ್ಟು ಹತ್ತಿರವಾದರು. ಕೊನೆಯ ದಿನ ಲೊರೆದಾನಾ ಕದ ತೆರೆದು ನೀಲಕ್ಕನನ್ನು ಒಳಗೆ ಕರೆದು ಏಪ್ರನ್ ಕಟ್ಟಿದಳು. ನೀಲಕ್ಕ ಲಟ್ಟಣಿಗೆಯನ್ನು ಪಕ್ಕಕ್ಕೆ ಸರಿಸಿ, ಉಂಡೆಯನ್ನು ಅಂಗೈಯಿಂದಲೇ ತಟ್ಟಿ ತಿರುಗಿಸಿ ತಟ್ಟಿ ಅಗಲಿಸಿದಾಗ ಸಾಲಿನಲ್ಲಿ ನಿಂತ ಗಿರಾಕಿಗಳು ಚಪ್ಪಾಳೆ ತಟ್ಟಿದರು. ಆದ್ಯಾ ಸ್ಟೂಲಿನ ಮೇಲೆ ಹತ್ತಿ ನಿಂತು ಇದು ನಮ್ಮಜ್ಜಿ ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಸಾರುತ್ತಿದ್ದಳು.

ಹೊಸ ಹಿಟ್ಟು ಕಲಸಬೇಕಾಯಿತು. ಹೊರಗೆ ನೆರಳಿನಲ್ಲಿ ನಿಂತಿದ್ದ ಸಿದ್ದಣ್ಣನಿಗೆ ಲೊರೆದಾನಾ, ಬಾಗಿಲ ಬಳಿಯ ಪೆಟ್ಟಿಗೆಯಿಂದ ಬಿಳಿ ಡಬ್ಬಿಯೊಂದನ್ನು ಎತ್ತಿಕೊಡುವಂತೆ ಸನ್ನೆ ಮಾಡಿದಳು. ಅವನು ಎತ್ತಿದ. ಡಬ್ಬಿಯ ಮೇಲೆ ಹಸಿರು ಗೆರೆಯಲ್ಲಿ ಬರೆದ ಹಂದಿಯ ಚಿತ್ರವಿತ್ತು. ಮುಚ್ಚಳ ಸರಿಸಿದರೆ ಒಳಗೆ ಹಾಲಿನಷ್ಟು ಬೆಳ್ಳಗಿನ, ನುಣುಪಾದ ಕೊಬ್ಬು. ಅವನು ಚಿತ್ರದ ಮೇಲೆ ಬೆರಳಿಟ್ಟು ಪ್ರಶ್ನೆಯಂತೆ ನೋಡಿದ. ಅವಳು ಐದೂ ಬೆರಳನ್ನು ಕೂಡಿಸಿ ತುಟಿಗೆ ಒತ್ತಿ ಮುತ್ತಿಟ್ಟು, ಇದಕ್ಕಿಂತ ಉತ್ತಮವಾದದ್ದು ಎಲ್ಲೂ ಸಿಗದೆಂದು ತಿಳಿಸಿದಳು. ಅವಳ ಮಟ್ಟಿಗೆ ಅದು ಮಾಂಸವಲ್ಲ. ಹಿಟ್ಟಿನೊಳಗಿನ ಉಪ್ಪಿನಂತೆ ಅದೂ ರೊಟ್ಟಿಯೇ.

ನೀಲಕ್ಕ ಕೈಚಾಚಿ ಡಬ್ಬಿ ಇಸಿದುಕೊಂಡಳು. ಚಿತ್ರವಿದ್ದ ಬದಿ ಗಂಡನ ಕಡೆಗಿತ್ತು.

"ಬೆಣ್ಣಿ ಏನ್ರಿ ಇದು?"

ಅವಳ ಕೆನ್ನೆಯ ಮೇಲೆ ಹಿಟ್ಟಿನ ಗುರುತಿತ್ತು. ಮಗು ನಗುತ್ತಿತ್ತು. ಇಷ್ಟು ದಿನ ತಿಂದಾಗಿದೆ, ಈಗ ಹೇಳಿ ಏನು ಉಳಿಯುತ್ತದೆ ಎಂದು ಸಿದ್ದಣ್ಣನ ಮನಸ್ಸು ಹೇಳಿತು. ಅಷ್ಟರಲ್ಲಿ ಬಾಯಿ ಹೂಂ ಎಂದಾಗಿತ್ತು. ಅವಳು ಆ ಬಿಳುಪಿನಲ್ಲಿ ಬೆರಳಿಳಿಸಿ ಒಂದು ಮುದ್ದೆ ತೆಗೆದು, ಹಿಟ್ಟಿಗೆ ಹಾಕಿ, ಎಡ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದಳು. ಆ ಹಿಟ್ಟಿನ ಮೊದಲ ರೊಟ್ಟಿ ಮೊಮ್ಮಗಳಿಗೆ, ಎರಡನೆಯದು ಗಂಡನಿಗೆ. ಸಿದ್ದಣ್ಣ ಅದನ್ನು ತಿಂದ. ರುಚಿಯಾಗಿತ್ತು. ತನ್ನೊಳಗೆ ಯಾವ ಗೋಡೆಯೂ ಬೀಳಲಿಲ್ಲವೆಂಬುದನ್ನು ಅವನು ತುಸು ಹೆಮ್ಮೆಯಿಂದಲೇ ಗಮನಿಸಿದ.

ಸಿಡ್ನಿಗೆ ಮರಳಿದ ಮೊದಲ ಶನಿವಾರವೇ ನೀಲಕ್ಕ ಗೋಧಿಹಿಟ್ಟು, ಉಪ್ಪು, ಬೆಣ್ಣೆ ಮುಂದಿಟ್ಟುಕೊಂಡು ಕೂತಳು. ರೊಟ್ಟಿ ದುಂಡಗೆ ಬಂತು, ಚುಕ್ಕೆ ಬಂತು, ಮಡಚಿದರೆ ಮುರಿಯಲಿಲ್ಲ. ಆದ್ಯಾ ಕಚ್ಚಿದಳು, ಅಗಿದಳು, ಮೆಲ್ಲಗೆ ತಟ್ಟೆಯಲ್ಲಿಟ್ಟು, ಇದು ಅದಲ್ಲ ಎಂದಳು. ಮುಂದಿನ ವಾರ ಮೈದಾ. ಅದರಾಚೆ ಉಪ್ಪಿಲ್ಲದ ಬೆಣ್ಣೆ, ಆಮೇಲೆ ತುಪ್ಪ, ಆಮೇಲೆ ಶೈಲಶ್ರೀ ಹುಡುಕಿ ತಂದ ಇಟಲಿಯದೇ ಹಿಟ್ಟು. ಹಂಚು ಬದಲಾಯಿತು, ಉರಿ ಬದಲಾಯಿತು. ಮಗು ಪ್ರತಿ ಸಲ ಆಸೆಯಿಂದ ಬಂದು ಕೂತು, ಪ್ರತಿ ಸಲ ಅದೇ ಮೆಲುದನಿಯಲ್ಲಿ ಅದನ್ನೇ ಹೇಳಿತು. ಹಟದಿಂದ ಹೇಳಿದ್ದರೆ ನೀಲಕ್ಕ ಗದರಿಸುತ್ತಿದ್ದಳು. ಅಜ್ಜಿಗೆ ಬೇಸರವಾಗುತ್ತದೆಂದು ಹೆದರಿ ಹೇಳುವುದನ್ನು ಹೇಗೆ ತಾಳಿಕೊಳ್ಳುವುದು. ತಟ್ಟೆಯಲ್ಲಿ ಮತ್ತೆ ಮೈದಾನ ಕಾಣಿಸಿತು. ಫೋನಿನಲ್ಲಿ ಭಾಸ್ಕರ ಮತ್ತೆ ಮೊದಲು ಅದನ್ನೇ ಕೇಳತೊಡಗಿದ.

ನೀಲಕ್ಕ ತನ್ನ ಕೈಯನ್ನು ನೋಡಿಕೊಳ್ಳಲು ಶುರು ಮಾಡಿದ್ದು ಆಗ. ಅಲ್ಲಿ ಬಂದದ್ದು ಇಲ್ಲಿ ಬರುವುದಿಲ್ಲವೆಂದರೆ ಹಿಟ್ಟಿನದಲ್ಲ ತಪ್ಪು, ಕೈಯದು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಎಡಗೈಯಲ್ಲಿ ಕಸುವಿಲ್ಲ, ಬೆರಳ ತುದಿ ಜೋಮು ಹಿಡಿಯುತ್ತದೆ ಎಂದಳು. ಶೈಲಶ್ರೀ ಹೆದರಿ ಡಾಕ್ಟರ ಬಳಿ ಕರೆದೊಯ್ದಳು, ಪರೀಕ್ಷೆಗಳಾದವು, ನರಗಳೆಲ್ಲ ಸರಿಯಾಗಿವೆ, ವಯಸ್ಸಿಗೆ ಮೀರಿದ ಗಟ್ಟಿ ಕೈ ಎಂದು ಅವರು ಹೇಳಿ ಕಳಿಸಿದರು. ನೀಲಕ್ಕ ಒಪ್ಪಲಿಲ್ಲ. ಜೋಳದ ರೊಟ್ಟಿ ಬಡಿಯುವುದನ್ನೂ ಬಿಟ್ಟಳು. ದಿ ಪಾಂಡ್ಸ್‌ನಿಂದ ಉಷಾ ಎಂಬುವಳು ಮಗನ ಹುಟ್ಟುಹಬ್ಬಕ್ಕೆ ಕರೆದಾಗ, ಇನ್ನು ಮೇಲೆ ತನ್ನನ್ನು ಕರೆಯಬೇಡವೆಂದಳು. ಒಂದು ಬೆಳಿಗ್ಗೆ ಪೂಜೆಯ ಕೋಣೆಯಿಂದ ಅವಳು ಹೊರಬರುವುದು ತಡವಾಯಿತೆಂದು ಸಿದ್ದಣ್ಣ ಇಣುಕಿದರೆ, ಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು, ಹೂವಿಲ್ಲ, ವಿಭೂತಿಯಿಲ್ಲ.

"ನನ್ನ ಕಡೆಯಿಂದ ಏನೋ ತಪ್ಪಾಗೈತ್ರಿ," ಎಂದಳು. "ಏನಂತ ತಿಳೀವಲ್ತು. ಕೈಯಾಗ ಇದ್ದಾಂವ ಎದ್ದು ಹೋಗ್ಯಾನ."

ಸಿದ್ದಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತ. ಹೇಳಿದರೆ ಅವಳ ಕೈ ಅವಳಿಗೆ ಮರಳುತ್ತಿತ್ತು, ಅನುಮಾನವಿಲ್ಲ. ಆದರೆ ಅವಳು ಹೆಸರಿಲ್ಲದೆ ಹುಡುಕುತ್ತಿದ್ದ ತಪ್ಪಿಗೆ ಅದೇ ಮಾತು ಹೆಸರು ಕೊಡುತ್ತಿತ್ತು. ಮುಚ್ಚಿಟ್ಟರೆ ದೇವರ ಮುಂದೆ ನಿರಪರಾಧಿ, ಒಲೆಯ ಮುಂದೆ ಕೈಸತ್ತವಳು. ಯಾವುದು ಹೆಚ್ಚಿನ ಹಿಂಸೆಯೆಂದು ಅವನು ತೂಗುತ್ತ ಹೋದ. ತೂಗುವುದು ತನ್ನ ಕೆಲಸವೇ ಅಲ್ಲವೆಂಬ ವಿಚಾರ ಮಾತ್ರ ಅವನಿಗೆ ಹೊಳೆಯಲಿಲ್ಲ. ಬದುಕಿನುದ್ದಕ್ಕೂ ತರಗತಿಯಲ್ಲಿ, ಕವಿತೆಯಲ್ಲಿ ಆಡದೆ ಬಿಟ್ಟ ಮಾತಿಗೇ ಹೆಚ್ಚು ಭಾರವೆಂದು ಹೇಳಿಕೊಟ್ಟವನಿಗೆ, ಆಡದ ಮಾತು ಮನೆಯೊಳಗೆ ಹೀಗೆ ಕೊಳೆಯುತ್ತದೆಂಬುದು ಹೊಸ ಪಾಠವಾಗಿತ್ತು. ಕಷಾಯ ಮಾಡಿಕೊಡಲೇ ಎಂದು ಕೇಳಿ ಒಳಗೆ ಹೋದ.

ಸೆಪ್ಟೆಂಬರ್ ಕೊನೆಗೆ ಮತ್ತೆ ಶಾಲೆಗೆ ರಜೆ. ಎಲ್ಲರೂ ಮೆಲ್ಬರ್ನಿಗೆ ಹೋದರು. ಬ್ರನ್ಸ್‌ವಿಕ್‌ನ ಫ್ಲ್ಯಾಟಿನಲ್ಲಿ ಒಂದೇ ಮಲಗುವ ಕೋಣೆ, ಟ್ರಾಮಿನ ಗಂಟೆ ಕೇಳುವ ಚಿಕ್ಕ ಬಾಲ್ಕನಿ. ಹೊರಗೆ ವಸಂತವೆಂದು ಹೇಳುತ್ತಿದ್ದರೂ ಗಾಳಿ ಚಳಿಗಾಲದ್ದು. ನೀಲಕ್ಕ ಅಡುಗೆಮನೆಗೆ ಹೋಗಲಿಲ್ಲ. ಭಾಸ್ಕರ ಮಾಡಿದ ಉಪ್ಪಿಟ್ಟನ್ನು ತಿಂದು, ತಟ್ಟೆ ತೊಳೆದಿಟ್ಟು ಸೋಫಾದ ಮೂಲೆಯಲ್ಲಿ ಕೂತಳು. ಮರುದಿನ ಬೆಳಿಗ್ಗೆ ಭಾಸ್ಕರ ಹೊರಗೆ ಹೋದವನು ಬೀಗುತ್ತ ಮರಳಿದ. ಆ ಬೀದಿಯ ತುಂಬ ಹಿಂದಿನ ಕಾಲದಲ್ಲಿ ಬಂದ ಇಟಲಿಯವರ ಅಂಗಡಿಗಳು. ಅಲ್ಲೊಂದರಲ್ಲಿ ಅವನಿಗೆ ಬೇಕಾದದ್ದು ಸಿಕ್ಕಿತ್ತು.

"ಅತ್ತೆ, ಏನ್ ಸಿಕ್ತು ನೋಡಿ. ನಿಮ್ಮ ರವೆನ್ನಾ ರೊಟ್ಟಿ, ಪ್ಯಾಕೆಟ್‌ನಲ್ಲೇ ಬರುತ್ತೆ. ಬರೀ ಬ್ರೆಡ್ ಅಷ್ಟೇ, ವೆಜ್ಜೇ."

ಅಂಗಡಿಯವನನ್ನು ಅವನೂ ಹಾಗೆಯೇ ವಿಚಾರಿಸಿದ್ದ: ಒಳಗೆ ಏನಾದರೂ ತುಂಬಿದ್ದಾರೆಯೇ ಎಂದು.

ಬಿಸಿ ಮಾಡುವವರೆಗೂ ಆದ್ಯಾ ಕಾಯಲಿಲ್ಲ. ಪ್ಯಾಕೆಟ್ ಹರಿದು, ತಣ್ಣಗಿನ ರೊಟ್ಟಿಯ ಅಂಚನ್ನು ಕಚ್ಚಿ, ಕಣ್ಣು ಅಗಲಿಸಿ, "ಇಟ್ಸ್ ದ ಒನ್," ಎಂದಳು. ನಿಂತೇ ತಿನ್ನುತ್ತ ಕೋಣೆಯೆಲ್ಲ ಸುತ್ತಿದಳು. ಭಾಸ್ಕರನೂ ಶೈಲಶ್ರೀಯೂ ನಕ್ಕು, ಹೀಗಾದರೆ ದಿನಾ ತರುವೆವು ಎಂದು, ಮಕ್ಕಳಿಬ್ಬರನ್ನೂ ಪಾರ್ಕಿಗೆ ಕರೆದುಕೊಂಡು ಹೊರಟರು.

ನೀಲಕ್ಕ ಬಾಲ್ಕನಿಗೆ ಹೋಗಿ ಕಂಬಿ ಹಿಡಿದು ನಿಂತಿದ್ದಳು. ಸಿದ್ದಣ್ಣ ಮೇಜಿನ ಮೇಲಿನ ಪ್ಯಾಕೆಟ್ಟನ್ನು ತಿರುಗಿಸಿ ಓದಿದ. ಓದದೆಯೂ ಅವನಿಗೆ ಗೊತ್ತಿತ್ತು. ಅವನು ಪಕ್ಕಕ್ಕೆ ಬಂದು ನಿಂತಾಗ ಅವಳು ತಿರುಗಿ ನೋಡಲಿಲ್ಲ. ಯಂತ್ರದಿಂದ ಉದುರಿದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ, ಎಷ್ಟು ದಿನದ್ದೋ ತಿಳಿಯದ ತಂಗಳು ರೊಟ್ಟಿಗೆ ಸಿಕ್ಕ ರುಚಿ ತನಗೆ ದಕ್ಕಲಿಲ್ಲವೆಂದಳು. ಊರಿಗೆ ಹೋಗಿಬಿಡುತ್ತೇನೆ, ಇಲ್ಲಿ ನನ್ನಿಂದ ಆಗುವ ಕೆಲಸವೇನೂ ಉಳಿದಿಲ್ಲವೆಂದಳು. ದನಿ ಒಣಗಿತ್ತು. ಅದರಲ್ಲಿ ಅಳುವಿರಲಿಲ್ಲ. ಸಿದ್ದಣ್ಣನನ್ನು ಮಾತಿಗೆ ನೂಕಿದ್ದು ಆ ಒಣಗಿದ ದನಿಯೇ.

"ಅದು ಬೆಣ್ಣಿ ಆಗಿರಲಿಲ್ಲ, ನೀಲಾ," ಎಂದ. "ಹಂದಿ ಕೊಬ್ಬು. ಅಲ್ಲೆ ರೊಟ್ಟೀಗೆ ಅದನ್ನ ಹಾಕತಾರ. ಇದರಾಗೂ ಐತಿ. ನಿನ್ನ ಕೈಯಾಗ ಏನೂ ತಪ್ಪಿಲ್ಲ."

ಕೆಳಗೆ ಟ್ರಾಮೊಂದು ನಿಂತು, ಜನ ಇಳಿದು, ಮುಂದೆ ಹೋಯಿತು. ನೀಲಕ್ಕ ಕಂಬಿಯಿಂದ ಎಡಗೈ ಬಿಡಿಸಿಕೊಂಡು ಅದನ್ನು ಮಗುಚಿ ನೋಡಿದಳು. ಗೊತ್ತಾದದ್ದು ಯಾವಾಗ ಎಂದು ಕೇಳಿದಳು. ಡಬ್ಬಿ ಕೊಡುವ ಮೊದಲೇ ಎಂದು ಅವನು ಒಪ್ಪಿಕೊಂಡ. ಅವಳಿಗೆ ತಡೆಯಲಾಗದೆಂದು ಹೇಳಲಿಲ್ಲ, ಅವಳ ನಂಬಿಕೆ ತನಗೆ ಗೊತ್ತಿತ್ತು ಎಂದ.

"ನಿಮಗ ಏನ್ ಗೊತ್ತಿತ್ತು," ಎಂದಳು ನೀಲಕ್ಕ. ದನಿ ಏರಿಸಲಿಲ್ಲ. "ಹಂದಿದಕ್ಕ ನಾ ನನ್ನ ಲಿಂಗಕ್ಕ ಉತ್ತರಾ ಕೊಟ್ಕೋತೀನಿ. ಅದು ನಂದು ಅಂವಂದು. ಕೈ ಸತ್ತೈತಂತ ನಾ ಇಷ್ಟ ದಿನಾ ಒದ್ದಾಡೂದನ್ನ ಎದುರಿಗೆ ಕುಂತು ನೋಡಿದ್ರಲ್ಲ. ಡಾಕ್ಟರ್ ಕಡೆ ಕರಕೊಂಡು ಹೋದ್ರ ಸಂಗಡ ಬಂದ್ರಿ. ಕಷಾಯ ಕಾಸಿ ಕೊಟ್ರಿ. ಅದಕ್ಕ ಯಾರು ಉತ್ತರಾ ಕೊಡಾವ್ರು?"

ಅವಳು ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಕೂದಲಿನಲ್ಲೇ ಪೂಜೆಗೆ ಕೂತಳು. ಮಕ್ಕಳು ಮರಳಿದಾಗ ಕೋಣೆಯ ಬಾಗಿಲು ಮುಚ್ಚಿತ್ತು. ಆ ದಿನ ಅವಳು ಏನನ್ನೂ ತಿನ್ನಲಿಲ್ಲ. ಸಂಜೆ ಮಗಳನ್ನೂ ಅಳಿಯನನ್ನೂ ಕೂರಿಸಿಕೊಂಡು ವಿಷಯವನ್ನೆಲ್ಲ ತಾನೇ ಹೇಳಿದಳು. ಗಂಡ ಹೂಂ ಎಂದದ್ದನ್ನೂ ಬಿಡಲಿಲ್ಲ, ಬಣ್ಣ ಹಚ್ಚಲೂ ಇಲ್ಲ. ಭಾಸ್ಕರ ಮುಖ ಕಿವುಚಿಕೊಂಡು ಪ್ಯಾಕೆಟ್ಟನ್ನು ಕಸದ ಬುಟ್ಟಿಗೆ ಹಾಕಲು ಎದ್ದ. ಶೈಲಶ್ರೀ ಅಪ್ಪನ ಕಡೆಗೆ ನೋಡಿ, ನೋಟ ತೆಗೆದುಕೊಂಡಳು. ನೀಲಕ್ಕ ಅಳಿಯನನ್ನು ತಡೆದಳು. ಒಂದು ಬೇರೆ ಹಂಚು, ಒಂದು ಚಿಮಟ ತರಲು ಹೇಳಿದಳು.

ಮರುದಿನ ಬೆಳಿಗ್ಗೆ ಅವಳ ಕೈ ಮತ್ತೆ ಅಡುಗೆಮನೆಯಲ್ಲಿತ್ತು. ಮನೆಯಲ್ಲಿದ್ದ ಹಂಚಿನಲ್ಲಿ ದೊಡ್ಡವರಿಗೆಂದು ರೊಟ್ಟಿ ಬಡಿದಳು. ಆ ಸದ್ದು ಬಹಳ ದಿನಗಳ ಮೇಲೆ ಕೇಳಿದ್ದು, ಒಂದೇ ಸಮನೆ, ಎಡವದೆ. ಆಮೇಲೆ ಕೈ ತೊಳೆದು, ಹೊಸ ಹಂಚನ್ನು ಇನ್ನೊಂದು ಒಲೆಯ ಮೇಲಿಟ್ಟು, ಪ್ಯಾಕೆಟ್ಟಿನಲ್ಲಿ ಉಳಿದದ್ದನ್ನು ಚಿಮಟದಿಂದ ಎತ್ತಿ ಬಿಸಿ ಮಾಡಿದಳು. ಆದ್ಯಾಳ ಎದುರು ಕುರ್ಚಿ ಎಳೆದು ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು:

"ಇದರಾಗ ಹಂದಿ ಕೊಬ್ಬು ಐತಿ, ಪುಟ್ಟಿ. ನಾ ತಿನ್ನೂದಿಲ್ಲ. ನಿನಗ ಬೇಕಂದ್ರ ನೀ ತಿನ್ನು."

"ಅ ರಿಯಲ್ ಪಿಗ್?"

ನಿಜವಾದದ್ದೇ ಎಂದಳು ನೀಲಕ್ಕ. ಮಗು ರೊಟ್ಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿತು. ಅಣ್ಣನನ್ನು ನೋಡಿತು, ಅಮ್ಮನನ್ನು ನೋಡಿತು. ಕೊನೆಗೆ ಸಣ್ಣದೊಂದು ಚೂರು ಕಚ್ಚಿ, "ಸಾರಿ, ಅಜ್ಜಿ," ಎಂದಿತು.

"ಸಾರಿ ಅನಬ್ಯಾಡ. ಹೇಳಿ ತಿಂದಿ, ಸಾಕು."

ಆಮೇಲೆ ಅವಳು ಎದ್ದು, ಹೊಸ ಹಂಚಿನ ಮೇಲೆ ಉಳಿದಿದ್ದ ಇನ್ನೊಂದನ್ನು ಚಿಮಟದಿಂದ ಒಂದು ತಟ್ಟೆಗೆ ಹಾಕಿ, ಸಿದ್ದಣ್ಣನ ಮುಂದೆ ತಂದಿಟ್ಟಳು. ಅವಳು ಬಡಿದ ಜೋಳದ ರೊಟ್ಟಿ ಉಳಿದವರ ತಟ್ಟೆಗಳಲ್ಲಿ ಹೊಗೆಯಾಡುತ್ತಿತ್ತು.

"ನೀವೂ ಇದನ್ನ ತಗೋರಿ," ಎಂದಳು. "ನಿಮಗೇನು, ಇದರಾಗ ಏನೂ ಇಲ್ಲಲ್ಲ."

ನೀಲಕ್ಕ ತನ್ನ ತಟ್ಟೆಯ ಮುಂದೆ ಕೂತು, ರೊಟ್ಟಿ ಮುರಿದು, ಚಟ್ನಿಪುಡಿಯಲ್ಲಿ ಅದ್ದಿ ಉಣ್ಣತೊಡಗಿದಳು. ಸಿದ್ದಣ್ಣ ಒಂದು ತುಣುಕು ಮುರಿದ. ಬೆರಳಿಗೆ ಜಿಡ್ಡು ಹತ್ತಿತು. ಬಾಯಲ್ಲಿಟ್ಟುಕೊಂಡ, ಅಗಿಯಲು ಯತ್ನಿಸಿದ, ನಾಲಗೆಯ ಮೇಲೆ ಅದು ಎಲ್ಲಿಗೂ ಹೋಗಲೊಲ್ಲದೆ ನಿಂತಿತು. ಎದುರಿನಿಂದ ಆದ್ಯಾ ತನ್ನ ಕೈಯಲ್ಲಿದ್ದುದನ್ನು ಮರೆತು ಅವನ ಮುಖವನ್ನೇ ಗಮನಿಸುತ್ತಿದ್ದಳು. ನುಂಗಲಾಗದಿರುವುದೆಂದರೇನೆಂದು ಆ ಮೇಜಿನಲ್ಲಿ ಅವಳಿಗೆ ಮಾತ್ರ ಗೊತ್ತಿತ್ತು. ಅವಳು ತನ್ನ ನೀರಿನ ಲೋಟವನ್ನು ಎರಡೂ ಕೈಯಿಂದ ಅವನ ಕಡೆಗೆ ಮೆಲ್ಲಗೆ ತಳ್ಳಿದಳು.